ಅಪ್‌ಡೇಟ್: ಹಸಿ ಆಯ್ಸ್ಟರ್ ಕಥೆ ಏನಾಯ್ತು ಅಂದ್ರೆ

ಯಜಮಾನರ ಹುಟ್ಟುಹಬ್ಬಕ್ಕೆ ಮಂಗಳೂರಿಂದ ಆಯ್ಸ್ಟರ್ (ಸಮುದ್ರದ ಚಿಪ್ಪುಜೀವಿ) ತರಿಸಿ ಮಡಿಕೇರಿಯಲ್ಲಿ ಹಸಿಯಾಗೇ ತಿನ್ನಬಹುದಾ ಅಂತ ಕೇಳಿದ್ದೆ. ಮಳೆಗಾಲದಲ್ಲಿ ಬೇಡ್ವೇ ಬೇಡ ಅಂತ ಬೈದವರೇ ಜಾಸ್ತಿ. ಥ್ಯಾಂಕ್ಸ್!

ಐಸ್ ಪೆಟ್ಟಿಗೆಯಲ್ಲಿ 24 ಬಂದವು. ಬಾಯಿ ಬಿಟ್ಟಿದ್ದವನ್ನು ಬೆರಳಲ್ಲಿ ತಟ್ಟಿ ನೋಡಿದೆ, ಐದು ಮುಚ್ಚಿಕೊಳ್ಳಲೇ ಇಲ್ಲ. ಸತ್ತಿವೆ ಅಂತ ಎಸೆದೆ. ಅಲ್ಲಿಗೆ ನನ್ನ ಅರ್ಧ ಧೈರ್ಯ ಹೋಯ್ತು. ಹಸಿ ಆಯ್ಸ್ಟರ್‌ನಲ್ಲಿ ಇರಬಹುದಾದ ವಿಬ್ರಿಯೊ ಬ್ಯಾಕ್ಟೀರಿಯಾ ನಿಂಬೆ ಹಿಂಡಿದರೆ ಸಾಯಲ್ಲ, ಲಿವರ್ ತೊಂದರೆ ಇರೋರಿಗೆ ಅದು ಇನ್ನೂ ಅಪಾಯ, ಮಾವನಿಗೆ ಬೇರೆ ಲಿವರ್ ತೊಂದರೆ. ಉಳಿದವನ್ನೆಲ್ಲ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಬೇಯಿಸೋ ಪಾತ್ರೆಯಲ್ಲೇ ಹಬೆಗಿಟ್ಟೆ. ಚಿಪ್ಪು ಬಿಚ್ಚಿದ ಮೇಲೆ ಜಜ್ಜಿದ ಗಾಂಧಾರಿ ಮೆಣಸು, ಎರಡೇ ಹನಿ ಕಾಚಂಪುಳಿ. ಸಮುದ್ರದ ಉಪ್ಪಿಗೆ ಆ ಕಪ್ಪು ಹುಳಿ ಎಷ್ಟು ಚೆನ್ನಾಗಿ ಹೊಂದುತ್ತೆ ಅಂದ್ರೆ, ಮಾವ ಪಂದಿಕರಿ ಪಕ್ಕಕ್ಕಿಟ್ಟು ನಾಲ್ಕು ತಿಂದರು. (ಅವರು ಪಂದಿಕರಿ ಪಕ್ಕಕ್ಕಿಟ್ಟಿದ್ದು ನಾನು ನೋಡಿದ್ದು ಅದೇ ಮೊದಲು.)

ನಿಜವಾದ ಸಾಹಸ ಬೆಂಗಳೂರಿಂದ ಬಂದ ಗೆಳೆಯರದ್ದು. ಹುಟ್ಟುಹಬ್ಬ ಆಗಸ್ಟ್ 3, ಅಂದರೆ ಕೊಡವರ ಕಕ್ಕಡ ತಿಂಗಳ 18, ನಮ್ಮಲ್ಲಿ ಮದ್ದುಸೊಪ್ಪು ಅನ್ನೋ ಔಷಧಿ ಸೊಪ್ಪು ತಿನ್ನೋ ದಿನ. ಮದ್ದುಸೊಪ್ಪಿನ ನೇರಳೆ ಪಾಯಸವನ್ನು ಎರಡೆರಡು ಬಟ್ಟಲು ಹೊಡೆದರು. ಮರುದಿನ ಬೆಳಿಗ್ಗೆ ಗಾಬರಿಯಿಂದ ಫೋನು: "ಅಕ್ಕಾ, ಮೂತ್ರ ಕೆಂಪಗೆ ಹೋಗ್ತಿದೆ, ಆಯ್ಸ್ಟರ್ ಎಫೆಕ್ಟಾ?"

ಮದ್ದುಸೊಪ್ಪು ತಿಂದರೆ ಮೂತ್ರ ಕೆಂಪಾಗುತ್ತೆ ಅಂತ ಮೊದಲೇ ಹೇಳಬಹುದಿತ್ತು. ಹೇಳಿರಲಿಲ್ಲ.