ರಾತ್ರಿ ಪಾಳಿಯಲ್ಲಿ ಗಾಂಜಾ: ಮೂತ್ರ ಪರೀಕ್ಷೆ ಮಾಡಿಸಬೇಕೇ?

ಪ್ರಶ್ನೆ (ಶಾಪ್ ಮಾಲೀಕ, ಪೀಣ್ಯ):
14 ಜನ ಕೆಲಸಗಾರರಿರುವ, ಲೋಹದ ತಗಡನ್ನು ಒತ್ತಿ ಕತ್ತರಿಸಿ ವಾಷರ್ ಮಾಡುವ ಚಿಕ್ಕ ಪ್ರೆಸ್ ಶಾಪ್ ನನ್ನದು. ರಾತ್ರಿ ಪಾಳಿಯ ಇಬ್ಬರು ಗಾಂಜಾ ಸೇದಿಕೊಂಡೇ ಮಷೀನಿಗೆ ಬರುತ್ತಾರೆಂಬ ಅನುಮಾನ ಬಲವಾಗಿದೆ. ಕೈ ಅಡಿಯಲ್ಲಿ ಸಿಕ್ಕದಿರಲೆಂದು, ಎರಡೂ ಕೈಗಳಿಂದ ಎರಡು ಬಟನ್ ಒತ್ತಿದರೆ ಮಾತ್ರ ಇಳಿಯಬೇಕಾದ ಪ್ರೆಸ್ಸಿನಲ್ಲಿ, ಮೊನ್ನೆ ಬೆಳಗ್ಗೆ ನೋಡಿದಾಗ, ಒಂದು ಬಟನ್ನಿಗೆ ಮರದ ಚಕ್ಕೆ ಸಿಕ್ಕಿಸಿಟ್ಟಿದ್ದರು. ಪಕ್ಕದ ಟ್ರೇಯಲ್ಲಿದ್ದ ವಾಷರ್‌ಗಳಲ್ಲಿ ಅರ್ಧದಷ್ಟು ರಿಜೆಕ್ಟ್ ಆಗಿದ್ದವು. ಮೂತ್ರ ಪರೀಕ್ಷೆಯ ಕಿಟ್ ತಂದು ಎಲ್ಲರನ್ನೂ ಪರೀಕ್ಷಿಸಿ, ಪಾಸಿಟಿವ್ ಬಂದವರ ಲೆಕ್ಕ ಅಂದೇ ಚುಕ್ತಾ ಮಾಡಿ ಕಳುಹಿಸುವುದು ಸರಿಯೇ?

ಉತ್ತರ 1 (ವ್ಯಸನ ಚಿಕಿತ್ಸಾ ವಿಭಾಗದ ಸಮಾಜ ಕಾರ್ಯಕರ್ತೆ):
ನಿಮಗೆ ತಿಳಿಯಬೇಕಾದದ್ದನ್ನು ಆ ಕಿಟ್ ಹೇಳುವುದಿಲ್ಲ. ಗಾಂಜಾದ ಅಂಶ ದೇಹದ ಕೊಬ್ಬಿನಲ್ಲಿ ಉಳಿಯುವುದರಿಂದ, ದಿನವೂ ಸೇದುತ್ತಿದ್ದವನು ಬಿಟ್ಟು ಎರಡು ವಾರ ಕಳೆದರೂ ಅದು ಮೂತ್ರದಲ್ಲಿ ಕಾಣಿಸಿಕೊಳ್ಳಬಹುದು. ಈಗ ನಶೆಯಲ್ಲಿದ್ದಾನೆಯೇ ಎಂಬುದು ಅದರಿಂದ ಗೊತ್ತಾಗದು. ಕುಡಿತವನ್ನಂತೂ ಮರೆಯಬೇಡಿ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದವರಲ್ಲಿ ಮದ್ಯ ಸೇವಿಸುವವರು ಶೇ 14.6ರಷ್ಟಿದ್ದರೆ, ಭಂಗಿ, ಗಾಂಜಾ, ಚರಸ್ ಎಲ್ಲ ಸೇರಿ ಶೇ 2.8. ಇನ್ನೊಂದು ಎಚ್ಚರಿಕೆ: ವಿಪರೀತ ಕುಡಿಯುವವನನ್ನು ಬೆದರಿಸಿ ಒಮ್ಮೆಲೇ ನಿಲ್ಲಿಸಿದರೆ, ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುವ ಸಾಧ್ಯತೆಯಿದ್ದು, ಅದು ಮಷೀನಿನ ಮುಂದೆ ನಿಂತಿರುವಾಗಲೂ ಬರಬಹುದು. ವೈದ್ಯರ ನೆರವಿನಿಂದಲೇ ಬಿಡಿಸಬೇಕು. 14446 ಉಚಿತ ಸಹಾಯವಾಣಿ. ನಿಮ್ಹಾನ್ಸ್‌ನಲ್ಲಿಯೂ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ಉತ್ತರ 2 (ನಿವೃತ್ತ ಫೋರ್‌ಮನ್):
ಮರದ ಚಕ್ಕೆ ಸಿಕ್ಕಿಸುವುದಕ್ಕೆ ನಶೆ ಬೇಕಿಲ್ಲ ಸ್ವಾಮಿ. ಪೀಸ್ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ, ಬೀಡಿಯನ್ನೂ ಮುಟ್ಟದವರು ಅದನ್ನು ಮಾಡುವುದನ್ನು ಕಂಡಿದ್ದೇನೆ. ನನ್ನ ಕೈಕೆಳಗಿದ್ದ ಹುಡುಗನೊಬ್ಬ ಸೇದುತ್ತಿದ್ದುದು ಹಗಲು ನಿದ್ದೆ ಮಾಡಲಿಕ್ಕೆ. ಶೀಟ್ ಮನೆಯಲ್ಲಿ ಐದು ಜನರ ನಡುವೆ, ಏಪ್ರಿಲ್ ಬಿಸಿಲಿನಲ್ಲಿ, ಮಧ್ಯಾಹ್ನ ಮಲಗಿ ನೋಡಿದವರಿಗೆ ಅದು ಅರ್ಥವಾದೀತು. ಅವನನ್ನು ಮೊದಲ ಪಾಳಿಗೆ ಹಾಕಿದ ಮೇಲೆ ರಿಜೆಕ್ಷನ್ ಇಳಿಯಿತು. ಸೇದುವುದು ನಿಂತಿತೋ ಇಲ್ಲವೋ ನಾನು ಕೇಳಲಿಲ್ಲ.

ಉತ್ತರ 3 (ವಕೀಲ):
ಪೊಲೀಸರಿಗೆ ಹಿಡಿದುಕೊಡುವ ಯೋಚನೆಯಿದ್ದರೆ, 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಂ ಓದಿ: ಸೇವನೆಯ ಆರೋಪ ಹೊತ್ತ ವ್ಯಸನಿಯು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ, ಅವನಿಗೆ ಮೊಕದ್ದಮೆಯಿಂದ ವಿನಾಯಿತಿಯಿದೆ.

ಪ್ರಶ್ನೆ ಕೇಳಿದವರು:
ಚಕ್ಕೆ ತೆಗೆಸಿದೆ, ಕಿಟ್ ತರುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಹಾಜರಿ ಪುಸ್ತಕ ತೆಗೆದು ನೋಡಿದರೆ, ಆ ಇಬ್ಬರೂ ವಾರದ ರಜೆ ಒಂದೂ ಇಲ್ಲದೆ 19 ರಾತ್ರಿ ದುಡಿದಿದ್ದಾರೆ. ಪ್ರತಿ ಪುಟದ ಕೆಳಗೂ ನನ್ನದೇ ಸಹಿ ಇದೆ.