ಹಿನ್ನೆಲೆ ಸಂಗೀತದಲ್ಲಿ ಸರ್ವಶ್ರೇಷ್ಠ ಯಾವುದು?

ಪ್ರಶ್ನೆ:
ಸಿನಿಮಾ ಸಂಗೀತದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ ಹಾಡುಗಳಿಗೇ ಸೀಮಿತವಾಗುತ್ತದೆ. ಹಾಡುಗಳನ್ನು ಬದಿಗಿಟ್ಟು ಹಿನ್ನೆಲೆ ಸಂಗೀತವನ್ನಷ್ಟೇ ಪರಿಗಣಿಸಿದರೆ ಯಾವ ಚಿತ್ರಗಳು ಮೊದಲ ಸಾಲಿಗೆ ಸೇರಬೇಕು?

ಉತ್ತರ 1:
ನನ್ನ ಆಯ್ಕೆ 1960ರ ‘ಸೈಕೋ’. ಬರ್ನಾರ್ಡ್ ಹರ್ಮನ್ ಕೇವಲ ತಂತಿವಾದ್ಯಗಳಿಂದ ಇಡೀ ಚಿತ್ರಕ್ಕೆ ಸಂಗೀತ ಕಟ್ಟಿದರು. ಸ್ನಾನಗೃಹದ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡವೆಂದಿದ್ದ ನಿರ್ದೇಶಕ ಹಿಚ್‌ಕಾಕ್, ಪಿಟೀಲುಗಳ ಆ ಚೀರುಸ್ವರವನ್ನು ಕೇಳಿದ ಮೇಲೆ ಮನಸ್ಸು ಬದಲಿಸಿದರು.

ಉತ್ತರ 2:
ಭಯ ಹುಟ್ಟಿಸುವುದಕ್ಕಿಂತ ದುಃಖವನ್ನು ಹಿಡಿದಿಡುವುದು ಕಷ್ಟವೆಂದು ನಂಬಿರುವ ನನಗೆ 1955ರ ‘ಪಥೇರ್ ಪಾಂಚಾಲಿ’ಯೇ ದೊಡ್ಡದು. ಊರಿಗೆ ಮರಳಿದ ಹರಿಹರ, ಮಗಳು ತೀರಿಹೋಗಿರುವುದು ತಿಳಿಯದೆ, ಅವಳಿಗೆಂದು ತಂದ ಸೀರೆಯನ್ನು ಕೊಟ್ಟಾಗ ಹೆಂಡತಿ ಸರ್ಬಜಯಾ ಒಡೆದು ಅಳುತ್ತಾಳೆ. ಅಲ್ಲಿ ನಮಗೆ ಕೇಳಿಸುವುದು ಅವಳ ದನಿಯಲ್ಲ, ಕಮಾನಿನಿಂದ ನುಡಿಸುವ ತಂತಿವಾದ್ಯ ತಾರ್ ಶಹನಾಯಿಯ ತಾರಸ್ಥಾಯಿಯ ಆಕ್ರಂದನ. ರವಿಶಂಕರರ ಸಂಗೀತ ಅಲ್ಲಿ ಪಾತ್ರದ ಕೊರಳೇ ಆಗಿಬಿಡುತ್ತದೆ.

ಉತ್ತರ 3:
ಎರಡೂ ಯೋಗ್ಯವೇ. ಆದರೆ ಬಿ.ವಿ. ಕಾರಂತರಿಗೆ ರಾಷ್ಟ್ರಪ್ರಶಸ್ತಿ ತಂದ ‘ಘಟಶ್ರಾದ್ಧ’ವನ್ನು (1977) ಕನ್ನಡಿಗರೇ ಮರೆತರೆ ಹೇಗೆ? ಇಳಯರಾಜಾ ಅವರ ‘ಪಲ್ಲವಿ ಅನುಪಲ್ಲವಿ’ಯನ್ನೂ (1983) ಸೇರಿಸಿ, ಅದರ ಮುಖ್ಯ ಧುನ್, ಚಿತ್ರವನ್ನು ನೋಡದವರಿಗೂ ಮೊಬೈಲ್ ಕಂಪನಿಯೊಂದರ ಜಾಹೀರಾತಿನಿಂದ ಪರಿಚಿತವಾಗಿದೆ.