ನಲಿಕಲಿ ಮಕ್ಕಳು ಒಬ್ಬರನ್ನೊಬ್ಬರು ಹಂಗಿಸ್ತಾರೆ, ಏನು ಮಾಡಲಿ?

ಪ್ರಶ್ನೆ: ನಾನು ಸರ್ಕಾರಿ ಶಾಲೆ ಟೀಚರ್. ನಲಿಕಲಿಯಲ್ಲಿ ಒಂದರಿಂದ ಮೂರನೇ ತರಗತಿ ಒಟ್ಟಿಗೇ ಇದೆ. ತಾಂಡಾದ ಹುಡುಗಿ ಲಂಬಾಣಿಯಲ್ಲಿ ಉತ್ತರ ಕೊಟ್ಟರೆ ಉಳಿದವರು ನಗ್ತಾರೆ. ಈಗ ಅವಳು ಬಾಯೇ ಬಿಡ್ತಿಲ್ಲ. ಬಿಸಿಯೂಟಕ್ಕೆ ಮೊಟ್ಟೆ ತಿನ್ನೋರ ಪಕ್ಕ, ಮೊಟ್ಟೆ ಬದಲು ಬಾಳೆಹಣ್ಣು ತಗೊಳ್ಳೋರು ಕೂರಲ್ಲ. ಬೈದರೆ ನನ್ನೆದುರು ಮಾತ್ರ ಸುಮ್ಮನಿರ್ತಾರೆ.

ಉತ್ತರ ೧: ಬೈಬೇಡಿ ಮೇಡಂ. ಅವಳ ಅವ್ವನನ್ನು ಕರೆಸಿ, ಕನ್ನಡಿ ಹೊಲಿದ ಲಂಗ ತೋರಿಸಲಿ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೇ ಇದೆ. ಆಮೇಲೆ ಹುಡುಗಿಯೇ ಎಲ್ಲರಿಗೂ ಒಂದು ಲಂಬಾಣಿ ಹಾಡು ಕಲಿಸಲಿ. ನಮ್ಮ ಶಾಲೆಯಲ್ಲಿ ನಕ್ಕವರೇ ಆಮೇಲೆ ಜೋರಾಗಿ ಹಾಡಿದ್ದು.

ಉತ್ತರ ೨: ಊಟಕ್ಕೆ ಬಣ್ಣದ ಚೀಟಿ ಎತ್ತಿಸಿ, ಒಂದೇ ಬಣ್ಣದವರು ಒಟ್ಟಿಗೆ ಕೂರಲಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಪೋಷಕರ ಹತ್ತಿರಾನೂ ಮಾತಾಡಿ, ಏಳು ವರ್ಷದ ಮಗುವಿಗೆ ಈ ಮಡಿ ಮೈಲಿಗೆ ಮನೆಯಿಂದಲೇ ಬಂದಿರೋದು.

ಪ್ರಶ್ನೆ ಕೇಳಿದವರು: ಚೀಟಿ ನಾಳೆಯಿಂದಲೇ ಶುರು. ಶನಿವಾರ ಅವಳ ಅವ್ವ ಬರ್ತಾರಂತೆ.